ಸತ್ಯವಾಕ್ಯನ ಪೀಠ

ಗದಗ ಜಿಲ್ಲೆಯ ಈಶಾನ್ಯದ ಅಂಚಿನಲ್ಲಿ, ಎರೆಹೊಲಗಳ ಸಮತಟ್ಟು ಮುಗಿದು ಕೆಂಪು ಕಲ್ಲಿನ ಗುಡ್ಡಗಳ ಸಾಲು ಮೊದಲಾಗುವ ಎಡೆಯಲ್ಲಿ ಗಜೇಂದ್ರಗಡವಿದೆ. ಊರಿನ ಬೆನ್ನಿಗಿರುವ ಬೆಟ್ಟವು ಆನೆಯಂತೆ ಕಾಣುವುದರಿಂದ ಈ ಹೆಸರು ಬಂದಿತೆಂದು ಜನ ಹೇಳುತ್ತಾರೆ. ಬೆಳಗಿನ ಎಳೆಬಿಸಿಲಿನಲ್ಲಿ ದೂರದಿಂದ ನೋಡುವ ಪ್ರವಾಸಿಗೆ ಆ ಮಾತನ್ನು ಒಪ್ಪಿಕೊಳ್ಳುವುದು ಕಷ್ಟವಾಗದು. ಬೆಟ್ಟದ ಮೇಲೆ ಘೋರ್ಪಡೆ ಮನೆತನದವರ ಕೋಟೆ. ಅದರ ಬುಡದಲ್ಲಿ ಸೀರೆ ನೇಯುವ ಮಗ್ಗಗಳ ಸದ್ದು ತುಂಬಿದ ಓಣಿಗಳು. ಇತ್ತೀಚಿನ ವರ್ಷಗಳಲ್ಲಿ ಸುತ್ತಲ ದಿಬ್ಬಗಳ ಮೇಲೆ ನಿಂತಿರುವ ಗಾಳಿಯಂತ್ರಗಳ ಬಿಳಿಯ ರೆಕ್ಕೆಗಳು. ಹೊಸದೂ ಹಳೆಯದೂ ಇಲ್ಲಿ ಜಗಳವಿಲ್ಲದೆ ಒಂದೇ ಗಾಳಿಯನ್ನು ಹಂಚಿಕೊಂಡಿವೆ.

ಊರಿಗೆ ಸಮೀಪದ ಇನ್ನೊಂದು ಗುಡ್ಡದ ಮೇಲೆ ಕಾಲಕಾಲೇಶ್ವರನ ಗುಡಿ. ಸುತ್ತಿನ ಜನ ಇದನ್ನು ದಕ್ಷಿಣಕಾಶಿಯೆಂದು ಕರೆಯುತ್ತಾರೆ. ಕಲ್ಲಿನ ಮೆಟ್ಟಿಲುಗಳನ್ನು ಏರಿ ದಣಿದು ಬಂದವನಿಗೆ ಅಲ್ಲಿಯ ಅಂತರಗಂಗೆಯ ದರ್ಶನವೇ ಅರ್ಧ ಪುಣ್ಯ. ಮರದ ಬೇರುಗಳ ನಡುವಿನಿಂದ ನೀರು ಇಳಿದು ಬಂದು ಕೆಳಗಿನ ಪುಷ್ಕರಿಣಿಯನ್ನು ಸೇರುತ್ತದೆ. ಮಳೆ ಕಂಜೂಸಾದ ಈ ಸೀಮೆಯಲ್ಲಿ ಬೇಸಿಗೆಯಲ್ಲಿಯೂ ಆ ನೀರು ನಿಲ್ಲುವುದಿಲ್ಲವೆಂಬುದು ಭಕ್ತರಿಗೆ ದೊಡ್ಡ ಸೋಜಿಗ.

ಕೋಟೆಯನ್ನು ನೋಡಿದವನಿಗೆ ಅರಸರ ನೆನಪು ಬರುವುದು ಸಹಜ. 1787ರಲ್ಲಿ ಟಿಪ್ಪು ಸುಲ್ತಾನನಿಗೂ ಮರಾಠರಿಗೂ ನಡೆದ ಸಂಧಿಯು ಈ ಊರಿನ ಹೆಸರಿನಿಂದಲೇ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಆದರೆ ಈ ಸೀಮೆಗೆ ಇನ್ನೊಂದು ನೆನಪುಂಟು. ಅದು ಕೋಟೆ ಕಟ್ಟಿದವರದಲ್ಲ, ಮನೆ ಬಿಟ್ಟವರದು. ಸಾವಿರ ವರ್ಷಗಳ ಹಿಂದೆ ಇಲ್ಲಿಂದ ಗದಗಿನವರೆಗಿನ ಊರೂರುಗಳಲ್ಲಿ ತಪಸ್ವಿಗಳ ಪೀಠಗಳಿದ್ದುವು. ಅವುಗಳ ಮುಂದೆ ಮಂಡಲೇಶ್ವರರು ಆನೆಯಿಂದ ಇಳಿದು ಬರಿಗಾಲಿನಲ್ಲಿ ನಿಲ್ಲುತ್ತಿದ್ದರು. ಆ ತಪಸ್ವಿಗಳ ಕಥೆಯಲ್ಲಿ ಒಂದು ಒಗಟಿದೆ. ಮನೆಯನ್ನು ಬಿಟ್ಟು ಬಂದವನಿಗೆ ಮಠ ದೊರೆಯಿತು. ಮಠದೊಂದಿಗೆ ಹೊಲ ಬಂದಿತು, ಹೊಲದೊಂದಿಗೆ ಊರು ಬಂದಿತು, ಊರಿನೊಂದಿಗೆ ಅರಸನ ಸ್ನೇಹವೂ ಬಂದಿತು. ಎಲ್ಲವನ್ನೂ ತೊರೆದವನ ಕೈಗೆ ಎಲ್ಲವನ್ನೂ ಕೊಟ್ಟರೆ ಅವನು ಏನಾಗುತ್ತಾನೆ? ಈ ಪ್ರಶ್ನೆಗೆ ಉತ್ತರ ಕೊಟ್ಟ ಒಬ್ಬನ ಹೆಸರು ಗದಗಿನ ಕಲ್ಲುಗಳಲ್ಲಿ ಉಳಿದಿದೆ. ಅವನನ್ನು ಕಾಣಹೋಗುವ ದಾರಿ ಸೂಡಿಯ ಮೇಲೆ ಹಾದುಹೋದರೆ ಒಳ್ಳೆಯದು.

ಸೂಡಿಯ ಹಾದಿ

ಗಜೇಂದ್ರಗಡದಿಂದ ಸೂಡಿ ಹತ್ತು ಹನ್ನೆರಡು ಕಿಲೋಮೀಟರು. ಇಂದು ಅದೊಂದು ಸಾಮಾನ್ಯ ಹಳ್ಳಿ. ಜೋಳದ ಕಣಗಳು, ಎತ್ತಿನ ಕೊಟ್ಟಿಗೆಗಳು, ಅವುಗಳ ನಡುವೆ ಇದ್ದಕ್ಕಿದ್ದಂತೆ ಎದುರಾಗುವ ಶಿಖರಗಳು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ನಾಣ್ಯ ಅಚ್ಚು ಹಾಕುವ ಟಂಕಸಾಲೆಯಿದ್ದ ದೊಡ್ಡ ಪಟ್ಟಣ. ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದ ಅಕ್ಕಾದೇವಿ 1010ರ ಶಾಸನದಲ್ಲಿಯೇ ಇಲ್ಲಿ ಕಾಣಿಸಿಕೊಳ್ಳುತ್ತಾಳೆ. ‘ಗುಣದ ಬೆಡಂಗಿ’ಯೆಂದು ಬಿರುದು ಪಡೆದ ಈಕೆ ಗೋಕಾಗೆಯ, ಎಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ ವೀರನಾರಿಯೂ ಹೌದು. 1050ರ ಸುಮಾರಿಗೆ ಸೂಡಿಯ ಎಂಟು ಮಂದಿ ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಊರಿನ ಕಟ್ಟಳೆಯನ್ನು ಹೊಸದಾಗಿ ಬರೆದುಕೊಟ್ಟವಳೂ ಆಕೆಯೇ.

ದಂಡನಾಯಕ ನಾಗದೇವನು ಕಟ್ಟಿಸಿದ ಗುಡಿಯನ್ನು ಜನ ಇಂದು ಜೋಡುಕಳಸದ ಗುಡಿ ಎನ್ನುತ್ತಾರೆ. ಒಂದೇ ಮಂಟಪದ ಎರಡು ಕೊನೆಗಳಲ್ಲಿ ಎದುರುಬದುರಾಗಿ ಎರಡು ಗರ್ಭಗುಡಿಗಳು, ಅವುಗಳ ಮೇಲೆ ಎರಡು ಶಿಖರಗಳು. ಸಮೀಪದಲ್ಲಿ ನಾಗಕುಂಡವೆಂಬ ಮೆಟ್ಟಿಲಬಾವಿ. ಅದರ ಗೋಡೆಗಳ ಕೆತ್ತನೆಯನ್ನು ನೋಡಿದರೆ ದೇವಾಲಯವನ್ನೇ ನೆಲದೊಳಕ್ಕೆ ಇಳಿಸಿದಂತೆ ತೋರುತ್ತದೆ. ಬಹುಕಾಲ ಇವೆಲ್ಲ ಯಾರೂ ಕೇಳುವವರಿಲ್ಲದೆ ಬಿದ್ದಿದ್ದುವು. ಈಗ ಸುತ್ತಲೂ ಸ್ವಚ್ಛವಾಗಿದೆ.

ಇವುಗಳ ಜೊತೆಗೆ ಮಲ್ಲಿಕಾರ್ಜುನನ ಗುಡಿಯೂ ಇಲ್ಲಿದೆ. ಹನ್ನೊಂದನೆಯ ಶತಮಾನದ ನಡುವಿನ ಸೂಡಿಯ ಶಾಸನಗಳಲ್ಲಿ ಸೋಮೇಶ್ವರ ಪಂಡಿತನೆಂಬ ಆಚಾರ್ಯನ ಹೆಸರು ಬರುತ್ತದೆ. ನ್ಯಾಯ, ವೈಶೇಷಿಕ, ಸಾಂಖ್ಯಗಳಲ್ಲಿ ಆತನ ಪಾಂಡಿತ್ಯವನ್ನು ಶಾಸನಕವಿ ಹೊಗಳಿ ದಣಿಯುವುದಿಲ್ಲ. ಈತನು ಕಾಳಾಮುಖ ಸಂಪ್ರದಾಯದ ಶೈವ ತಪಸ್ವಿ. ಇಂದು ಆ ಹೆಸರನ್ನು ಕೇಳಿದವರು ಬಹು ಕಡಮೆ. ಕೇಳಿದವರಲ್ಲಿಯೂ ಹಲವರು ಕಪಾಲ ಹಿಡಿದು ಮಸಣದಲ್ಲಿ ಅಲೆಯುವವರೆಂದು ತಪ್ಪಾಗಿ ಭಾವಿಸಿದ್ದಾರೆ. ಕನ್ನಡ ನಾಡಿನ ಶಾಸನಗಳು ತೋರಿಸುವ ಚಿತ್ರವೇ ಬೇರೆ. ಲಕುಲೀಶನನ್ನು ಮೂಲಗುರುವೆಂದು ನಂಬಿದ ಈ ಭಸ್ಮಧಾರಿಗಳು ತರ್ಕ ವ್ಯಾಕರಣಗಳನ್ನು ಕಲಿಸುವ ಅಧ್ಯಾಪಕರಾಗಿದ್ದರು, ದೇವಾಲಯಗಳ ಆಡಳಿತಗಾರರಾಗಿದ್ದರು, ಊರಿನ ಅನ್ನಸತ್ರಗಳ ಯಜಮಾನರಾಗಿದ್ದರು.

ಮಠವೆಂದರೆ

ಕಾಳಾಮುಖರ ಮಠದೊಳಗೆ ಏನು ನಡೆಯುತ್ತಿತ್ತೆಂಬುದನ್ನು ತಿಳಿಯಲು ಬಳ್ಳಿಗಾವೆಯ 1162ರ ಶಾಸನಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾಗಿಲ್ಲ. ಅಲ್ಲಿಯ ಕೋಡಿಯಮಠದಲ್ಲಿ ನಾಲ್ಕು ವೇದಗಳನ್ನೂ ಪಾಣಿನಿಯೇ ಮೊದಲಾದ ವ್ಯಾಕರಣಗಳನ್ನೂ ಷಡ್ದರ್ಶನಗಳನ್ನೂ ಕಾವ್ಯನಾಟಕಗಳನ್ನೂ ಹೇಳಿಕೊಡುತ್ತಿದ್ದರು. ಕುರುಡರು, ಕುಂಟರು, ಕಿವುಡರು, ದೀನರು, ಅನಾಥರು ಅಲ್ಲಿ ಉಣ್ಣುತ್ತಿದ್ದರು. ರೋಗಿಗಳಿಗೆ ಔಷಧವಿತ್ತು. ನಗ್ನರಾದ ಜೈನ ಕ್ಷಪಣಕರೂ ಏಕದಂಡಿ ತ್ರಿದಂಡಿ ಸಂನ್ಯಾಸಿಗಳೂ ನಾನಾ ದೇಶದ ಭಿಕ್ಷುಗಳೂ ಬೇಡಿದ ಅನ್ನ ಪಡೆಯುತ್ತಿದ್ದರು. ಗಾಯಕರಿಗೂ ನರ್ತಕರಿಗೂ ಅಲ್ಲಿ ಎಡೆಯಿತ್ತು. ಅಂಜಿ ಬಂದ ಸಕಲ ಪ್ರಾಣಿಗಳಿಗೂ ಅದು ಅಭಯಸ್ಥಾನವೆಂದು ಶಾಸನ ಸಾರುತ್ತದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಕಾಲೇಜು, ಆಸ್ಪತ್ರೆ, ಧರ್ಮಛತ್ರ ಮೂರೂ ಒಂದೇ ಛಾವಣಿಯಡಿಯಲ್ಲಿದ್ದುವು.

ಇಷ್ಟೆಲ್ಲ ನಡೆಯಬೇಕಾದರೆ ಉತ್ಪತ್ತಿ ಬೇಕಲ್ಲವೆ? ಅದಕ್ಕಾಗಿಯೇ ಅರಸರೂ ದಂಡನಾಯಕರೂ ಸೆಟ್ಟಿಗಳೂ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಆಚಾರ್ಯನ ಕಾಲನ್ನು ತೊಳೆದು, ಕೈಗೆ ನೀರೆರೆದು, ಧಾರಾಪೂರ್ವಕವಾಗಿ ಕೊಡುವುದು ಅಂದಿನ ಪದ್ಧತಿ. ದೇವರ ಅಂಗಭೋಗ ರಂಗಭೋಗ, ಒಡೆದು ಬಿರಿದ ಗುಡಿಯ ದುರಸ್ತಿ, ವಿದ್ಯಾದಾನ, ತಪೋಧನರ ಆಹಾರ, ಇವು ದಾನಶಾಸನಗಳಲ್ಲಿ ಮರಳಿ ಮರಳಿ ಬರುವ ಬಾಬುಗಳು. ಕೊಟ್ಟವರು ಕಣ್ಣು ಮುಚ್ಚಿ ಕೊಡುತ್ತಿರಲಿಲ್ಲ. ನೈಷ್ಠಿಕ ಬ್ರಹ್ಮಚರ್ಯವನ್ನು ತಪ್ಪಿದವನು ಮಠದಲ್ಲಿ ಇರಕೂಡದೆಂಬ ಕಟ್ಟಳೆಯನ್ನು ಹಲವು ಶಾಸನಗಳು ದಾನದ ಜೊತೆಯಲ್ಲಿಯೇ ಹಾಕುತ್ತವೆ. ಬೀಗದ ಕೈ ಕೊಡುವ ಮೊದಲು ಕೈಯನ್ನು ನೋಡಿಕೊಳ್ಳುವ ಜಾಣತನ ಅದು.

ಇಂತಹ ಒಂದು ಸ್ಥಾನಕ್ಕೆ ಒಡೆಯನಾದ ತಪಸ್ವಿಯನ್ನು ‘ಸ್ಥಾನಾಚಾರ್ಯ’ನೆಂದು ಕರೆಯುತ್ತಿದ್ದರು. ಅವನಿಗೆ ಹೆಂಡಿರು ಮಕ್ಕಳಿಲ್ಲ. ಆದ್ದರಿಂದ ಪೀಠವು ತಂದೆಯಿಂದ ಮಗನಿಗೆ ಇಳಿಯದೆ ಗುರುವಿನಿಂದ ಶಿಷ್ಯನಿಗೆ ಇಳಿಯುತ್ತಿತ್ತು. ನೂರಾರು ಹುಡುಗರಲ್ಲಿ ಯಾವನ ಬುದ್ಧಿ ಚುರುಕು, ಯಾವನ ನಾಲಗೆ ಶುದ್ಧ, ಯಾವನ ಕೈ ಬಿಗಿ ಎಂಬುದನ್ನು ಬಲ್ಲ ಗುರು ತನ್ನ ಬಳಿಕ ಕೂರತಕ್ಕವನನ್ನು ಸಿದ್ಧಮಾಡುತ್ತಿದ್ದನು.

ತ್ರಿಕೂಟೇಶ್ವರನ ಅಂಗಳ

ಗಜೇಂದ್ರಗಡದಿಂದ ನರೇಗಲ್ಲಿನ ಮೇಲೆ ಗದಗಿಗೆ ಐವತ್ತು ಕಿಲೋಮೀಟರಿಗೆ ಮೀರಿದ ದಾರಿ. ಎರಡೂ ಕಡೆ ಎರೆಭೂಮಿ; ಹಿಂಗಾರಿನಲ್ಲಿ ಜೋಳ, ಕಡಲೆ, ಕುಸುಬೆಗಳ ಬೆಳೆ. ಹಿಂದೆ ಇದಕ್ಕೆ ಬೆಳ್ವೊಲ ಮುನ್ನೂರು ಎಂಬ ಹೆಸರಿತ್ತು. ಬೆಳೆಯುವ ಹೊಲಗಳ ನಾಡೆಂದು ಆ ಹೆಸರಿನ ಅರ್ಥವನ್ನು ಬಿಡಿಸುವವರುಂಟು. ಬೆಳೆಯುವ ಭೂಮಿಯ ಮೇಲೆ ಯಾವ ಅರಸನ ಕಣ್ಣು ಬೀಳದೆ ಇದ್ದೀತು?

ಗದಗಿನ ತ್ರಿಕೂಟೇಶ್ವರ ದೇವಾಲಯವು ಊರಿನ ನಡುವೆಯೇ ಇದ್ದರೂ ಒಳಗೆ ಕಾಲಿಟ್ಟೊಡನೆ ಪೇಟೆಯ ಗದ್ದಲ ಹಿಂದೆ ಉಳಿಯುತ್ತದೆ. ಗರ್ಭಗುಡಿಯಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳು. ಬ್ರಹ್ಮ, ವಿಷ್ಣು, ಮಹೇಶ್ವರರೆಂದು ಪೂಜಿಸುತ್ತಾರೆ. ಅದೇ ಆವರಣದ ಸರಸ್ವತಿಯ ಗುಡಿಯ ಕಂಬಗಳಂತೂ ಚಾಲುಕ್ಯ ಶಿಲ್ಪದ ಸೂಕ್ಷ್ಮಕ್ಕೆ ಹೆಸರುವಾಸಿ. ಅಕ್ಕಸಾಲೆಯ ಕೈಯಲ್ಲಿ ಕಲ್ಲು ಸಿಕ್ಕಿದ್ದರೆ ಹೀಗಿರುತ್ತಿತ್ತೆಂದು ನೋಡಿದವರು ಬೆರಗಾಗುತ್ತಾರೆ. ವಿದ್ಯೆಯ ದೇವತೆಗೆ ಇಷ್ಟು ಸೊಗಸಾದ ಮನೆಯನ್ನು ಕಟ್ಟಿದ ಸ್ಥಾನದಲ್ಲಿ ವಿದ್ಯೆಗೆ ಎಂತಹ ಬೆಲೆಯಿದ್ದಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಈ ಸ್ಥಾನದ ಆಚಾರ್ಯನಾಗಿದ್ದವನು ಸಿದ್ಧಾಂತಿ ಚಂದ್ರಭೂಷಣ ಪಂಡಿತದೇವ. ಕಾಳಾಮುಖ ಸೋಮೇಶ್ವರದೇವನ ಶಿಷ್ಯ ವಿದ್ಯಾಭರಣದೇವ. ವಿದ್ಯಾಭರಣದೇವನ ಶಿಷ್ಯ ಈ ಚಂದ್ರಭೂಷಣ. ತಂದೆ ತಾಯಿಗಳ ಹೆಸರಿನ ಎಡೆಯಲ್ಲಿ ಶಾಸನವು ಗುರುಗಳ ಹೆಸರುಗಳನ್ನು ಇಡುತ್ತದೆ. ಮನೆ ಬಿಟ್ಟವನಿಗೆ ಗುರುವೇ ವಂಶ, ಗುರುವೇ ಗೋತ್ರ. ‘ಸಿದ್ಧಾಂತಿ’ ಎಂಬುದು ಆತನ ಪಾಂಡಿತ್ಯದ ಗುರುತು. ಇದಲ್ಲದೆ ಅವನಿಗೆ ಇನ್ನೊಂದು ಹೆಸರಿತ್ತು. ಅದು ‘ಸತ್ಯವಾಕ್ಯ’. ಆಡಿದ ಮಾತಿಗೆ ತಪ್ಪದವನೆಂದು ಅದರ ತಾತ್ಪರ್ಯ. ಗಂಗ ಅರಸರಲ್ಲಿ ಹಲವರು ಇದೇ ಮಾತನ್ನು ಬಿರುದಾಗಿ ಧರಿಸಿದ್ದರು. ಕತ್ತಿ ಹಿಡಿದವರಿಗೆ ಅದು ಅಲಂಕಾರವಾಗಬಹುದು. ಕತ್ತಿಯಿಲ್ಲದವನಿಗೆ ಅದೇ ಆಯುಧ.

ಎರಡು ಗ್ರಹಣಗಳು

ಚಂದ್ರಭೂಷಣನ ಕಾಲವು ನಾಡಿಗೆ ಒಳ್ಳೆಯ ಕಾಲವಾಗಿರಲಿಲ್ಲ. ಎರಡು ಶತಮಾನ ಮೆರೆದ ಕಲ್ಯಾಣದ ಸಿಂಹಾಸನ ಅಲುಗಾಡುತ್ತಿತ್ತು. 1162ರ ಹೊತ್ತಿಗೆ ಕಳಚುರಿ ಬಿಜ್ಜಳನು ಅದನ್ನು ಕಿತ್ತುಕೊಂಡಿದ್ದನು; ಚಾಲುಕ್ಯ ನಾಲ್ವಡಿ ಸೋಮೇಶ್ವರನು ಅದನ್ನು ಮರಳಿ ಪಡೆದರೂ ಉಳಿಸಿಕೊಳ್ಳಲಾರದೆ ಹೋದನು. ಉತ್ತರದಿಂದ ಸೇವುಣರ ಐದನೆಯ ಭಿಲ್ಲಮನು ಇಳಿದು ಬಂದನು. ದಕ್ಷಿಣದಿಂದ ಹೊಯ್ಸಳ ವೀರಬಲ್ಲಾಳನು ಏರಿ ಬಂದನು. ನಡುವೆ ಸಿಕ್ಕಿದುದು ಬೆಳ್ವೊಲ. ಒನಕೆಗಳೆರಡು, ಒರಳು ಒಂದು. ನುಗ್ಗಾಗುವ ಕಾಳು ಯಾರೆಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1191ನೆಯ ಇಸವಿ ಜೂನ್ 23, ಭಾನುವಾರ, ಜ್ಯೇಷ್ಠ ಅಮಾವಾಸ್ಯೆ, ಸೂರ್ಯಗ್ರಹಣ. ಅಂದು ಭಿಲ್ಲಮನು ತ್ರಿಕೂಟೇಶ್ವರನಿಗೆ ಹಿರಿಯ ಹಂದಿಗೋಳವೆಂಬ ಊರನ್ನು ದಾನಮಾಡಿದನು. ದಾನ ಹಿಡಿದವನು ಸಿದ್ಧಾಂತಿ ಚಂದ್ರಭೂಷಣ. ಗ್ರಹಣಕಾಲದ ದಾನಕ್ಕೆ ಪುಣ್ಯ ಹೆಚ್ಚೆಂಬ ನಂಬಿಕೆ ಒಂದು ಕಡೆ. ಹೊಸದಾಗಿ ಗೆದ್ದ ನಾಡಿನ ಹೆಸರಾಂತ ದೇವರಿಗೂ ಗುರುವಿಗೂ ತಲೆಬಾಗಿದರೆ ಜನ ತನ್ನನ್ನು ಒಡೆಯನೆಂದು ಒಪ್ಪುತ್ತಾರೆಂಬ ಲೆಕ್ಕ ಇನ್ನೊಂದು ಕಡೆ. ಅರಸರ ಭಕ್ತಿಯಲ್ಲಿ ಎರಡೂ ಸೇರಿರುತ್ತವೆ.

ಹದಿನೇಳು ತಿಂಗಳು ಕಳೆಯುವಷ್ಟರಲ್ಲಿ ಎಲ್ಲವೂ ತಲೆಕೆಳಗಾಯಿತು. ಗದಗಿನ ಸಮೀಪದ ಸೊರಟೂರಿನಲ್ಲಿಯೂ ಲೊಕ್ಕಿಗುಂಡಿಯಲ್ಲಿಯೂ ಕಾಳಗಗಳಾದುವು. ಭಿಲ್ಲಮನ ಬಲಗೈಯಂತಿದ್ದ ಜೈತ್ರಸಿಂಹನನ್ನು ಬಲ್ಲಾಳನು ಸೋಲಿಸಿ ಕುಂತಳದ ಒಡೆತನವನ್ನು ಗಳಿಸಿದನು. 1192ನೆಯ ಇಸವಿ ನವೆಂಬರ್ 21, ಶನಿವಾರ, ಮಾರ್ಗಶಿರ ಪೂರ್ಣಿಮೆ, ಚಂದ್ರಗ್ರಹಣ. ಅಂದು ಲೊಕ್ಕಿಗುಂಡಿಯ ಬೀಡಿನಲ್ಲಿದ್ದ ವೀರಬಲ್ಲಾಳನು ಅದೇ ತ್ರಿಕೂಟೇಶ್ವರನಿಗೆ ಹೊಂಬಳಲು ಎಂಬ ಊರನ್ನು, ಎಂದರೆ ಇಂದಿನ ಹೊಂಬಳವನ್ನು, ಬಿಟ್ಟುಕೊಟ್ಟನು. ದಾನ ಹಿಡಿದವನು ಅದೇ ಚಂದ್ರಭೂಷಣ.

ಸೂರ್ಯನನ್ನು ರಾಹು ಹಿಡಿದಾಗ ಒಬ್ಬ ಅರಸ. ಚಂದ್ರನನ್ನು ಹಿಡಿದಾಗ ಇನ್ನೊಬ್ಬ. ದೇವರು ಬದಲಾಗಲಿಲ್ಲ, ಗುರು ಬದಲಾಗಲಿಲ್ಲ. ಸಂಶಯಪಡುವ ಮನಸ್ಸು ಇಲ್ಲಿ ಒಂದು ಪ್ರಶ್ನೆ ಕೇಳದೆ ಇರದು: ಇವನೇನು ಗಾಳಿ ಬಂದತ್ತ ತೂರಿಕೊಂಡ ಚತುರನೆ? ನಿನ್ನೆ ಒಬ್ಬನನ್ನು ಹರಸಿದ ಕೈ ಇಂದು ಅವನ ಶತ್ರುವನ್ನು ಹರಸಿದರೆ ಸತ್ಯವಾಕ್ಯವೆಂಬ ಹೆಸರಿಗೆ ಏನು ಅರ್ಥ?

ಪ್ರಶ್ನೆ ತೂಕವುಳ್ಳದ್ದೇ. ಆದರೆ ಮಠದ ಒಳಗಡೆಯಿಂದ ನೋಡಿದರೆ ಅದರ ಮುಖ ಬದಲಾಗುತ್ತದೆ. ಅರಸ ಯಾರಾದರೇನು, ಬೆಳಗಾದರೆ ಹುಡುಗರು ಪಾಠಕ್ಕೆ ಕೂರುತ್ತಾರೆ. ಹೊತ್ತೇರಿದರೆ ಹಸಿದವರು ಬಾಗಿಲಿಗೆ ಬರುತ್ತಾರೆ. ಯುದ್ಧದ ವರ್ಷದಲ್ಲಿ ಅವರ ಸಾಲು ಉದ್ದವಾಗುತ್ತದೆಯೇ ಹೊರತು ಗಿಡ್ಡವಾಗುವುದಿಲ್ಲ. ಆಚಾರ್ಯನ ವಚನವಿದ್ದುದು ಅರಸನಿಗಲ್ಲ, ದೇವರಿಗೆ. ದೇವರ ಹೆಸರಿನಲ್ಲಿ ಆ ಸಾಲಿಗೆ. ಸೋತವನ ಮೇಲಿನ ಅಭಿಮಾನದಿಂದ ಗೆದ್ದವನ ದಾನವನ್ನು ನೂಕಿದ್ದರೆ ಒಬ್ಬನ ಹೆಮ್ಮೆ ಉಳಿಯುತ್ತಿತ್ತು, ನೂರು ಜನರ ಎಲೆ ಖಾಲಿಯಾಗುತ್ತಿತ್ತು. ದಾನವೆಲ್ಲ ತ್ರಿಕೂಟೇಶ್ವರನ ಹೆಸರಿಗೆ. ಆಚಾರ್ಯ ಅದರ ಕಾವಲುಗಾರ. ಕಾವಲುಗಾರನ ಸತ್ಯವೆಂದರೆ ಕಾವಲು ಬಿಡದಿರುವುದು.

ಲಿಂಕನ್ನಿನ ಬಿಷಪ್

ಭಿಲ್ಲಮನು ನೀರೆರೆದ ಆ ಅಮಾವಾಸ್ಯೆಯ ಗ್ರಹಣವನ್ನು ಸಾವಿರಾರು ಮೈಲಿ ದೂರದ ಇಂಗ್ಲೆಂಡಿನ ಚರಿತ್ರಕಾರರೂ ಬರೆದಿಟ್ಟಿದ್ದಾರೆ. ಅದೇ ಕಾಲದಲ್ಲಿ ಅಲ್ಲಿಯೂ ಒಬ್ಬ ಸಂನ್ಯಾಸಿ ಇದೇ ಒಗಟಿಗೆ ತನ್ನ ಬಾಳಿನಿಂದ ಉತ್ತರ ಬರೆಯುತ್ತಿದ್ದನು. ಅವನ ಹೆಸರು ಹ್ಯೂ. ಲಿಂಕನ್ ಪಟ್ಟಣದ ಬಿಷಪ್. ಕ್ಯಾಥೊಲಿಕ್ ಕ್ರೈಸ್ತರಲ್ಲಿ ಬಿಷಪ್ಪನೆಂದರೆ ಒಂದು ಸೀಮೆಯ ಚರ್ಚುಗಳಿಗೆಲ್ಲ ಹಿರಿಯ ಧರ್ಮಾಧಿಕಾರಿ. ಭೂಮಿ ಕಾಣಿಗಳಿಗೆ ಒಡೆಯ. ಅರಸನ ಸಭೆಯಲ್ಲಿ ಆಸನವುಳ್ಳವನು. ನಮ್ಮ ಸ್ಥಾನಾಚಾರ್ಯನಿಗೆ ಅವನನ್ನು ಹೋಲಿಸಿದರೆ ತಪ್ಪಾಗದು.

ಫ್ರಾನ್ಸಿನ ಅವಲೋನ್ ಎಂಬಲ್ಲಿ 1140ರ ಸುಮಾರಿಗೆ ಒಬ್ಬ ಸರದಾರನ ಮಗನಾಗಿ ಹ್ಯೂ ಹುಟ್ಟಿದನು. ತಾಯಿ ತೀರಿಕೊಂಡ ಮೇಲೆ ತಂದೆ ಅವನನ್ನು ಎಳೆಯ ವಯಸ್ಸಿನಲ್ಲಿಯೇ ಮಠಕ್ಕೆ ಒಪ್ಪಿಸಿದನು. ಪ್ರಾಯಕ್ಕೆ ಬಂದಾಗ ಹ್ಯೂ ಇನ್ನೂ ಕಠಿಣವಾದ ದಾರಿಯನ್ನು ಹುಡುಕಿಕೊಂಡು ಆಲ್ಪ್ಸ್ ಬೆಟ್ಟಗಳ ನಡುವಿನ ಗ್ರಾಂಡ್ ಶಾರ್ತ್ರೂಸ್ ಮಠವನ್ನು ಸೇರಿದನು. ಅಲ್ಲಿಯ ಸಂನ್ಯಾಸಿಗಳದು ಮೌನದ ಬಾಳು. ಒಬ್ಬೊಬ್ಬನಿಗೆ ಒಂದೊಂದು ಕೋಣೆ, ಒರಟು ಬಟ್ಟೆ, ಮಿತವಾದ ಊಟ. ಆ ಮೌನದಿಂದ ಅವನನ್ನು ಹೊರಗೆ ಕರೆದವನು ಇಂಗ್ಲೆಂಡಿನ ಅರಸ ಎರಡನೆಯ ಹೆನ್ರಿ. ಆರ್ಚ್‌ಬಿಷಪ್ ತಾಮಸ್ ಬೆಕೆಟ್ಟನ ಕೊಲೆ 1170ರಲ್ಲಿ ನಡೆದಿತ್ತು. ಅದರ ಪ್ರಾಯಶ್ಚಿತ್ತಕ್ಕಾಗಿ ಹೆನ್ರಿ ವಿದಮ್ ಎಂಬಲ್ಲಿ ಒಂದು ಮಠವನ್ನು ಸ್ಥಾಪಿಸಿದ್ದನು. ಅದು ಏಳಿಗೆಗೆ ಬಾರದೆ ಇತ್ತು. 1180ರ ಸುಮಾರಿಗೆ ಹ್ಯೂ ಅದರ ಮುಖ್ಯಸ್ಥನಾಗಿ ಬಂದನು. ಬಂದವನು ಮೊದಲು ಮಾಡಿದ ಕೆಲಸ ಪ್ರಾರ್ಥನೆಯಲ್ಲ, ವಿಚಾರಣೆ. ಮಠಕ್ಕೆಂದು ಒಕ್ಕಲೆಬ್ಬಿಸುತ್ತಿದ್ದ ಬಡವರಿಗೆ ಅರಸನು ನಷ್ಟ ಕಟ್ಟಿಕೊಟ್ಟ ಹೊರತು ತಾನು ಅಧಿಕಾರ ವಹಿಸುವುದಿಲ್ಲವೆಂದು ಹಟ ಹಿಡಿದನು. ಅರಸ ಕಟ್ಟಿಕೊಟ್ಟನು.

1186ರಲ್ಲಿ ಹ್ಯೂ ಲಿಂಕನ್ನಿಗೆ ಬಿಷಪ್ಪನಾಗಿ ಆರಿಸಲ್ಪಟ್ಟನು. ಅರಸನ ಇದಿರಿನಲ್ಲಿ ನಡೆದ ಆಯ್ಕೆ ಸ್ವತಂತ್ರವಾದುದಲ್ಲವೆಂದು ಅದನ್ನು ತಳ್ಳಿಬಿಟ್ಟನು; ಲಿಂಕನ್ನಿನವರು ತಮ್ಮ ಊರಿನಲ್ಲಿಯೇ ಕುಳಿತು ಮತ್ತೆ ಆರಿಸಬೇಕಾಯಿತು. ಕಡೆಗೆ ಒಪ್ಪಿಕೊಂಡು ಹೊರಟಾಗ ಉಳಿದವರ ಕುದುರೆಗಳ ಮೇಲೆ ಜರಿಯ ಹೊದಿಕೆಗಳಿದ್ದುವು. ಇವನ ಜೀನಿನ ಹಿಂದೆ ಕುರಿದೊಗಲಿನ ಹಾಸಿಗೆಯ ಗಂಟು. 1185ರ ಭೂಕಂಪದಲ್ಲಿ ಬಿರಿದಿದ್ದ ಲಿಂಕನ್ ಕೆಥಡ್ರಲನ್ನು ಮರಳಿ ಕಟ್ಟುವ ಕೆಲಸವನ್ನು ಅವನು 1192ರಲ್ಲಿ ತೊಡಗಿಸಿದನು. ಬಲ್ಲಾಳನು ಹೊಂಬಳವನ್ನು ಕೊಟ್ಟ ವರ್ಷವೇ ಅದು. ಬಿಷಪ್ಪನೇ ಕೆಲಸಗಾರರೊಡನೆ ಕಲ್ಲು ಗಾರೆ ಹೊತ್ತನೆಂದು ಕಥೆಯಿದೆ. ಕುಷ್ಠರೋಗಿಗಳನ್ನು ತಾನೇ ಉಪಚರಿಸಿದನು. ಜನರ ಗುಂಪುಗಳು ಯೆಹೂದ್ಯರ ಮೇಲೆ ಏರಿಹೋದಾಗ ನಡುವೆ ನಿಂತು ಅವರನ್ನು ಕಾಪಾಡಿದನು.

1197ರಲ್ಲಿ ರಿಚರ್ಡ್ ಅರಸನು ಫ್ರಾನ್ಸಿನ ಯುದ್ಧಕ್ಕಾಗಿ ಬಿಷಪ್ಪರಿಂದ ಸವಾರರನ್ನು ಕೇಳಿದಾಗ, ಲಿಂಕನ್ನಿನ ಪೀಠಕ್ಕೆ ಕಡಲಾಚೆಗೆ ಸೈನ್ಯ ಕಳಿಸುವ ಹೊಣೆಯಿಲ್ಲವೆಂದು ಹ್ಯೂ ಸಭೆಯಲ್ಲಿಯೇ ಎದ್ದು ಹೇಳಿದನು. ಸಿಟ್ಟಾದ ಅರಸ ಆಸ್ತಿಯನ್ನು ಜಪ್ತಿ ಮಾಡಲು ಆಜ್ಞೆ ಮಾಡಿದನು. ಹ್ಯೂ ಕಡಲು ದಾಟಿ ಅರಸನಿದ್ದಲ್ಲಿಗೇ ಹೋದನು. ಪೂಜೆಯ ಹೊತ್ತಿನಲ್ಲಿ ಮುಖ ತಿರುಗಿಸಿದ ರಿಚರ್ಡನ ಮೇಲಂಗಿಯನ್ನು ಹಿಡಿದು ಜಗ್ಗಿ, ಶಾಂತಿಯ ಮುತ್ತನ್ನು ಕೊಡೆಂದು ಕೇಳಿದನು. ಸಿಂಹಹ್ರದಯನೆಂದು ಹೆಸರಾದ ಅರಸ ಕಡೆಗೆ ನಕ್ಕು ಮುತ್ತು ಕೊಟ್ಟನಂತೆ.

ಪ್ರತಿ ವರ್ಷ ಸ್ವಲ್ಪ ಕಾಲ ಹ್ಯೂ ವಿದಮ್ಮಿನ ತನ್ನ ಹಳೆಯ ಕೋಣೆಗೆ ಮರಳಿ ಸಾಮಾನ್ಯ ಸಂನ್ಯಾಸಿಯಂತೆ ಬಾಳುತ್ತಿದ್ದನು. 1200ರ ನವೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡನು. ಸಾಯುವ ಗಳಿಗೆಯಲ್ಲಿ ನೆಲದ ಮೇಲೆ ಬೂದಿಯಿಂದ ಶಿಲುಬೆಯನ್ನು ಬರೆಯಿಸಿ ಅದರ ಮೇಲೆ ತನ್ನನ್ನು ಮಲಗಿಸಿಕೊಂಡನು. ಬೂದಿಯನ್ನು ಮೈಗೆ ಬಳಿದುಕೊಳ್ಳುವ ತಪಸ್ವಿಗಳ ನಾಡಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಿಂಕನ್ನಿನಲ್ಲಿ ಅವನ ಶವಕ್ಕೆ ಹೆಗಲು ಕೊಟ್ಟವರಲ್ಲಿ ಜಾನ್ ಅರಸನೂ ಇದ್ದನು. 1220ರಲ್ಲಿ ರೋಮಿನ ಪೋಪನು ಅವನನ್ನು ಸಂತನೆಂದು ಸಾರಿದನು.

ನಾಲ್ಕನೆಯ ಲಿಂಗ

ಹ್ಯೂವಿನ ಬಾಳನ್ನು ಅವನ ಜೊತೆಯಲ್ಲಿಯೇ ಇದ್ದ ಆಡಮ್ ಎಂಬ ಸಂನ್ಯಾಸಿ ದೊಡ್ಡ ಗ್ರಂಥವಾಗಿ ಬರೆದನು. ಚಂದ್ರಭೂಷಣನ ಪಾಲಿಗೆ ಬಂದುದು ಅರಸರ ಹೊಗಳಿಕೆಯ ನಡುವೆ ಕೆಲವು ಶ್ಲೋಕಗಳು. ಆದರೆ ಗದಗಿನ ಶಾಸನಕವಿ ಆ ಕೆಲವೇ ಸಾಲುಗಳಲ್ಲಿ ಒಂದು ಮಾತನ್ನು ಹೇಳಿದ್ದಾನೆ. ಅದು ಗ್ರಂಥಕ್ಕೆ ಸಮನಾದುದು. ತ್ರಿಕೂಟೇಶ್ವರನಿಗೆ ಮೂರು ಲಿಂಗಗಳಿವೆ, ಮೂರೂ ಸ್ಥಾವರ. ಈ ಚಂದ್ರಭೂಷಣನೆಂಬ ಜಂಗಮಲಿಂಗವೂ ಸೇರಿ ದೇವರು ಚತುಷ್ಕೂಟೇಶ್ವರನಾದನೆಂಬುದು ಅವನ ಭಾವ.

ಸ್ಥಾವರ ಜಂಗಮವೆಂಬ ಈ ಮಾತಿನ ಜೋಡಿ ಕನ್ನಡಿಗರ ಕಿವಿಗೆ ಹೊಸದಲ್ಲ. ಕಲ್ಯಾಣದ ಶರಣರು ಅದಕ್ಕೆ ಕೆಲವೇ ದಶಕಗಳ ಹಿಂದೆ ಹೊಸ ಪ್ರಾಣವನ್ನು ಊದಿದ್ದರು. ಕಾಳಾಮುಖರ ಗುಡಿಯ ಕಲ್ಲಿನ ಮೇಲೆಯೂ ಅದೇ ಜೋಡಿ ಕಾಣಿಸಿಕೊಂಡುದು ಸ್ವಾರಸ್ಯದ ಸಂಗತಿ. ಮೂರು ಲಿಂಗಗಳು ಒಂದೇ ಎಡೆಯಲ್ಲಿ ನಿಂತಿರುತ್ತವೆ. ನಾಲ್ಕನೆಯದು ಪಾಠಶಾಲೆಗೆ ಹೋಗುತ್ತದೆ, ಅಡಿಗೆಮನೆಗೆ ಹೋಗುತ್ತದೆ, ಕಣದಲ್ಲಿ ರಾಶಿಯನ್ನು ಅಳೆಯಿಸುತ್ತದೆ, ಅರಸನ ಬೀಡಿಗೂ ಹೋಗಿ ಬರುತ್ತದೆ. ಹೋಗಿಬಂದೂ ಮೈಲಿಗೆಯಾಗದೆ ಇದ್ದರೆ ಅದು ಲಿಂಗ. ಆದರೆ ಬರಿಯ ಅಧಿಕಾರಿ.

ಹ್ಯೂ ಅರಸನಿಗೆ ಇದಿರಾಡಿ ಸತ್ಯವನ್ನು ಉಳಿಸಿದನು. ಚಂದ್ರಭೂಷಣನು ಅರಸರು ಬಂದು ಹೋಗುವುದನ್ನು ನೋಡುತ್ತ ಕದಲದೆ ಕುಳಿತು ಉಳಿಸಿದನು. ಒಬ್ಬನದು ನುಡಿಯ ಸತ್ಯ, ಇನ್ನೊಬ್ಬನದು ನೆಲೆಯ ಸತ್ಯ. ಇಬ್ಬರಿಗೂ ಊರುಗಳ ಉತ್ಪತ್ತಿ ಇತ್ತು. ಇಬ್ಬರಿಗೂ ಅದನ್ನು ಬಿಟ್ಟುಕೊಡಲು ಮಕ್ಕಳಿರಲಿಲ್ಲ. ಅಧಿಕಾರದ ಮಧ್ಯದಲ್ಲಿ ಸಂನ್ಯಾಸವನ್ನು ಕಾಯುವ ಉಪಾಯ ಪೂರ್ವ ಪಶ್ಚಿಮಗಳಲ್ಲಿ ಬೇರೆ ಬೇರೆಯೇನೂ ಅಲ್ಲ: ಬಂದುದು ನನ್ನದಲ್ಲವೆಂಬುದನ್ನು ದಿನವೂ ನೆನೆಯುವುದು. ಲಿಂಕನ್ನಿನ ಬಿಷಪ್ಪನಿಗೆ ಅದನ್ನು ವಿದಮ್ಮಿನ ಬರಿಯ ಕೋಣೆ ನೆನಪಿಸುತ್ತಿತ್ತು. ಗದಗಿನ ಆಚಾರ್ಯನಿಗೆ ಹಣೆಯ ಭಸ್ಮ.

ಉಳಿದುದು

ಕಾಳಾಮುಖರು ಇಂದು ಇಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮೊದಲ ಅರಸರ ಕಾಲದಲ್ಲಿ ಕಾಶೀವಿಲಾಸ ಕ್ರಿಯಾಶಕ್ತಿಯಂತಹ ರಾಜಗುರುಗಳು ಕಾಣಿಸಿಕೊಂಡ ಬಳಿಕ ಆ ಪರಂಪರೆ ಮರೆಯಾಗುತ್ತ ಬಂದಿತು. ಅವರ ಎಷ್ಟೋ ಸ್ಥಾನಗಳು ವೀರಶೈವ ಮಠಗಳಾಗಿ ಮಾರ್ಪಟ್ಟುವು, ಎಷ್ಟೋ ಹಾಳುಬಿದ್ದುವು. ಸೂಡಿಯ ಮಲ್ಲಿಕಾರ್ಜುನನ ಗುಡಿಯಲ್ಲಿ ತರ್ಕದ ಪಾಠ ಕೇಳಿಬರುವುದಿಲ್ಲ. ಪಾರಿವಾಳಗಳ ರೆಕ್ಕೆಯ ಸದ್ದು ಕೇಳುತ್ತದೆ.

ಆದರೂ ಅವರು ಹಾಕಿದ ರೂಢಿ ಈ ಸೀಮೆಯನ್ನು ಬಿಟ್ಟು ಹೋಗಿಲ್ಲ. ಮಠವೆಂದರೆ ಅನ್ನ, ಮಠವೆಂದರೆ ಅಕ್ಷರ ಎಂಬ ಭಾವನೆ ಉತ್ತರ ಕರ್ನಾಟಕದ ಹಳ್ಳಿಗನ ರಕ್ತದಲ್ಲಿಯೇ ಇದೆ. ಗದಗಿನಲ್ಲಿಯೇ ಅದಕ್ಕೆ ಜೀವಂತ ಸಾಕ್ಷಿಯುಂಟು. ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಅನ್ನವಿಕ್ಕುವ ವೀರೇಶ್ವರ ಪುಣ್ಯಾಶ್ರಮವನ್ನು ಪಂಚಾಕ್ಷರಿ ಗವಾಯಿಗಳು ಕಟ್ಟಿದರು. 1944ರಲ್ಲಿ ಅವರು ತೀರಿಕೊಂಡ ಬಳಿಕ, ತಾವೂ ಕಣ್ಣಿಲ್ಲದವರಾಗಿದ್ದ ಪುಟ್ಟರಾಜ ಗವಾಯಿಗಳು 2010ರಲ್ಲಿ ತಮ್ಮ ಕೊನೆಯುಸಿರಿನವರೆಗೆ ಅದನ್ನು ನಡೆಸಿದರು. ಸಂಪ್ರದಾಯ ಬೇರೆ, ಕಾಲ ಬೇರೆ. ಕಲಿಸುವ ಕೈ, ಉಣಿಸುವ ಕೈ ಎರಡೂ ಒಂದೇ ಆಗಿರಬೇಕೆಂಬ ಆ ಹಳೆಯ ಕಟ್ಟಳೆ ಮಾತ್ರ ಅದೇ.

ಬಲ್ಲಾಳನ ವಂಶ ಅಳಿಯಿತು, ಭಿಲ್ಲಮನ ವಂಶವೂ ಅಳಿಯಿತು. ಗಜೇಂದ್ರಗಡದ ಕೋಟೆಯ ಅಗಸೆಯಲ್ಲಿ ಇಂದು ಯಾವ ಪಹರೆಯೂ ಇಲ್ಲ. ಬಿಸಿಲಿಗೆ ಬಂದ ಕುರಿಗಾಹಿ ಅದರ ನೆರಳಿನಲ್ಲಿ ಕೂರುತ್ತಾನೆ. ತ್ರಿಕೂಟೇಶ್ವರನ ಗುಡಿಯಲ್ಲಿ ಮಾತ್ರ ಸಂಜೆಯಾದರೆ ಇಂದಿಗೂ ದೀಪ ಹೊತ್ತುತ್ತದೆ. ಅಲ್ಲಿಗೆ ಹೋದವರು ಮೂರು ಲಿಂಗಗಳಿಗೆ ಕೈಮುಗಿದು ಹೊರಗೆ ಬರುವಾಗ, ಕಣ್ಣಿಗೆ ಕಾಣದ ನಾಲ್ಕನೆಯದನ್ನೂ ಒಂದು ಗಳಿಗೆ ನೆನೆದರೆ ಸಾಕು. ಎಂಟುನೂರು ವರ್ಷಗಳ ಹಿಂದೆ ಆ ಅಂಗಳದಲ್ಲಿ ಒಬ್ಬನಿದ್ದನು. ಎರಡು ಊರುಗಳು ಅವನ ಕೈಗೆ ಬಂದುವು, ಜನ ಮಾತ್ರ ಅವನನ್ನು ಊರುಗಳ ಒಡೆಯನೆಂದು ಕರೆಯದೆ ಸತ್ಯವಾಕ್ಯನೆಂದು ಕರೆದರು.